ಶಾಲಾ ಕಚೇರಿಯ ಇಮೇಲ್ ಖಾತೆಗಳು: ಪತ್ರ ಎಲ್ಲಿ ಉಳಿಯಬೇಕು?

ಕಾಸರಗೋಡಿನ ಕನ್ನಡ ಮಾಧ್ಯಮದ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಕ್ಲಾರ್ಕ್ ಆಗಿರುವ ನನಗೆ ದಿನದ ಮೊದಲ ಕೆಲಸ ಇಮೇಲ್ ನೋಡುವುದು. ವಿದ್ಯಾಧಿಕಾರಿಗಳ ಕಚೇರಿಯ ಸುತ್ತೋಲೆಗಳು ಶಾಲೆಯ ಅಧಿಕೃತ ಖಾತೆಗೆ ಬರುತ್ತವೆ. ಮಧ್ಯಾಹ್ನದ ಊಟದ ಲೆಕ್ಕಕ್ಕೆ ಒಂದು ಖಾತೆ, ಪಿಟಿಎಗೆ (ಪೋಷಕ-ಶಿಕ್ಷಕ ಸಂಘಕ್ಕೆ) ಇನ್ನೊಂದು, ಶತಮಾನೋತ್ಸವ ಸಮಿತಿಯವರು ತೆರೆದದ್ದು ಮತ್ತೊಂದು. ಇವುಗಳ ಜೊತೆಗೆ ನನ್ನ ಸ್ವಂತದ ಖಾತೆಯೂ ಇದೆ. ಇವೆಲ್ಲವನ್ನೂ ನೋಡಬೇಕಾದ ಯಂತ್ರಗಳು ಸಹ ಒಂದೇ ಬಗೆಯವಲ್ಲ. ಕೇರಳದ ಶಾಲೆಗಳಲ್ಲಿ, ಶಾಲೆಗಳ ತಂತ್ರಜ್ಞಾನದ ಕೆಲಸ ನೋಡುವ ಸರಕಾರಿ ಸಂಸ್ಥೆಯಾದ ಕೈಟ್‌ನ ಉಬುಂಟು ಆಧಾರಿತ ಲಿನಕ್ಸ್ ಬಳಕೆಯಲ್ಲಿರುವುದರಿಂದ ಕಚೇರಿಯ ಡೆಸ್ಕ್‌ಟಾಪ್ ಮತ್ತು ಲ್ಯಾಬ್‌ನ ಲ್ಯಾಪ್‌ಟಾಪ್ ಅದರಲ್ಲಿ ನಡೆಯುತ್ತವೆ, ಹೆಡ್‌ಮಿಸ್ಟ್ರೆಸ್ ಟೀಚರ್ ಅವರ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದೆ, ನನ್ನ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದೆ.

ಖಾತೆಗಳು ಹೆಚ್ಚಾದವು ಎಂಬ ದೂರು ಅನೇಕ ಶಾಲೆಗಳ ಕಚೇರಿಗಳಲ್ಲಿ ಕೇಳಿಬರುತ್ತದೆ. ಆದರೆ ಗೊಂದಲಕ್ಕೆ ಮೂಲ ಕಾರಣ, ಪತ್ರದ ಮೂಲಪ್ರತಿ ಎಲ್ಲಿ ಇರಬೇಕು ಎಂಬುದನ್ನು ಯಾರೂ ಮೊದಲೇ ನಿರ್ಧರಿಸದೆ ಇರುವುದು ಎಂದು ನನ್ನ ಅನುಭವ ಹೇಳುತ್ತದೆ. ಮೂಲಪ್ರತಿ ಸರ್ವರ್‌ನಲ್ಲಿಯೇ, ಅಂದರೆ ಇಮೇಲ್ ಸೇವೆ ಕೊಡುವ ಸಂಸ್ಥೆಯ ಕಂಪ್ಯೂಟರ್‌ನಲ್ಲಿಯೇ, ಇರಬೇಕು. ಡೆಸ್ಕ್‌ಟಾಪ್, ಲ್ಯಾಪ್‌ಟಾಪ್, ಫೋನ್ ಇವೆಲ್ಲ ಅದನ್ನು ನೋಡುವ ಕಿಟಕಿಗಳಷ್ಟೇ ಆಗಿರಬೇಕು.

ಮೇಲ್ ಪ್ರೋಗ್ರಾಂ ಒಂದಕ್ಕೆ ಖಾತೆ ಸೇರಿಸುವಾಗ ಪಾಪ್ ಮತ್ತು ಐಮ್ಯಾಪ್ ಎಂಬ ಎರಡು ವಿಧಾನಗಳು ಎದುರಾಗುತ್ತವೆ. ಪಾಪ್ ವಿಧಾನವು ಪತ್ರವನ್ನು ಸರ್ವರ್‌ನಿಂದ ಆ ಒಂದು ಯಂತ್ರಕ್ಕೆ ಇಳಿಸಿಕೊಳ್ಳುವ ಉದ್ದೇಶದ್ದಾಗಿದ್ದು, ಸರ್ವರ್‌ನಲ್ಲಿ ಪ್ರತಿಯನ್ನು ಉಳಿಸು ಎಂದು ಪ್ರತ್ಯೇಕವಾಗಿ ಹೇಳದಿದ್ದರೆ ಇಳಿಸಿದ ನಂತರ ಅಲ್ಲಿಂದ ಅಳಿಸಿಬಿಡುವ ಸಂಭವವೂ ಇದೆ. ಬೆಳಿಗ್ಗೆ ಲ್ಯಾಬ್‌ನ ಲ್ಯಾಪ್‌ಟಾಪ್ ತೆರೆದವರಿಗೆ ಸುತ್ತೋಲೆ ಸಿಕ್ಕಿ, ಮಧ್ಯಾಹ್ನ ಕಚೇರಿಯ ಡೆಸ್ಕ್‌ಟಾಪ್‌ನಲ್ಲಿ ಹುಡುಕುವವರಿಗೆ ಅದು ಸಿಗದೆ, 'ನಮಗೆ ಮೇಲ್ ಬಂದೇ ಇಲ್ಲ' ಎಂದು ಮೇಲಿನ ಕಚೇರಿಗೆ ಫೋನ್ ಮಾಡುವ ಪ್ರಸಂಗಗಳು ಹೀಗೆಯೇ ಹುಟ್ಟುತ್ತವೆ. ಐಮ್ಯಾಪ್‌ನಲ್ಲಿ ಪತ್ರ ಸರ್ವರ್‌ನಲ್ಲಿಯೇ ಇದ್ದು, ಓದಿದ ಗುರುತು, ನಕ್ಷತ್ರದ ಗುರುತು, ಫೋಲ್ಡರ್‌ಗಳ ವಿಂಗಡಣೆ ಎಲ್ಲವೂ ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಕಾಣುತ್ತವೆ. ನಮ್ಮ ಕಚೇರಿಯಲ್ಲಿ ಉಬುಂಟು ಮತ್ತು ವಿಂಡೋಸ್ ಎರಡರಲ್ಲೂ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಹಾಕಿ, ಎಲ್ಲ ಖಾತೆಗಳನ್ನೂ ಐಮ್ಯಾಪ್ ಮೂಲಕವೇ ಜೋಡಿಸಿದ್ದೇವೆ.

ಆದರೆ ಐಮ್ಯಾಪ್‌ನಲ್ಲಿ ಒಂದು ಕಡೆ ಅಳಿಸಿದ ಪತ್ರ ಎಲ್ಲ ಕಡೆಯಿಂದಲೂ ಹೋಗುತ್ತದೆ ಎಂಬುದನ್ನು ಖಾತೆ ಬಳಸುವ ಪ್ರತಿಯೊಬ್ಬರಿಗೂ ಬಿಡಿಸಿ ಹೇಳಬೇಕು. ಜಿಮೇಲ್‌ನಲ್ಲಿ ಕಸದ ಬುಟ್ಟಿಗೆ ಹೋದದ್ದು 30 ದಿನಗಳ ನಂತರ ತಾನಾಗಿಯೇ ಅಳಿದುಹೋಗುತ್ತದೆ. ಈ ಕಾರಣಕ್ಕೆ ಕಚೇರಿಯ ಖಾತೆಯಲ್ಲಿ ಅಳಿಸುವ ಕೆಲಸ ಒಬ್ಬರದ್ದೇ ಆಗಿರಬೇಕು, ಉಳಿದವರು ಆರ್ಕೈವ್ ಮಾಡಿದರೆ, ಅಂದರೆ ಅಳಿಸದೆ ಇನ್‌ಬಾಕ್ಸ್‌ನಿಂದ ಸರಿಸಿಟ್ಟರೆ, ಸಾಕು. ಇದರ ಜೊತೆಗೆ ಶೈಕ್ಷಣಿಕ ವರ್ಷ ಮುಗಿದಾಗ ಖಾತೆಯ ಮಾಹಿತಿಯ ಪ್ರತಿ ಪಡೆಯುವ ಗೂಗಲ್ ಟೇಕ್‌ಔಟ್ ಸೇವೆಯ ಮೂಲಕ ಅಧಿಕೃತ ಖಾತೆಯ ಪತ್ರಗಳನ್ನು, ಅವೆಲ್ಲವೂ ಒಟ್ಟಿಗೆ ಸೇರಿರುವ ಎಂಬಾಕ್ಸ್ ಕಡತವಾಗಿ ಇಳಿಸಿ, ಕಚೇರಿಯ ಹಾರ್ಡ್ ಡಿಸ್ಕ್‌ನಲ್ಲಿ ಇಡುತ್ತೇವೆ.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ ವಿಷಯ ಉತ್ತರ ಕಳುಹಿಸುವ ವಿಳಾಸದ್ದು. ಶಾಲಾ ಕಲೋತ್ಸವದ ದಿನಗಳಲ್ಲಿ ಯಕ್ಷಗಾನ ತಂಡದ ಪಟ್ಟಿಯನ್ನು ತುರ್ತಾಗಿ ಕಳುಹಿಸಬೇಕಾದಾಗ, ಫೋನ್‌ನಲ್ಲಿ ತೆರೆದಿರುವ ಸ್ವಂತ ಖಾತೆಯಿಂದಲೇ ಕಳುಹಿಸಿಬಿಡುವುದು ಸುಲಭವಾಗಿ ತೋರುತ್ತದೆ. ಹಾಗೆ ಕಳುಹಿಸಿದ ಮೇಲೆ ಆ ಕಡೆಯವರ ಮರುಪತ್ರ, ತಿದ್ದುಪಡಿ, ಮುಂದಿನ ವರ್ಷದ ವಿಚಾರಣೆ ಎಲ್ಲವೂ ಆ ಸ್ವಂತ ವಿಳಾಸಕ್ಕೇ ಬರತೊಡಗಿ, ಕಳುಹಿಸಿದವರಿಗೆ ವರ್ಗವಾದರೆ ಅಥವಾ ನಿವೃತ್ತಿಯಾದರೆ ಶಾಲೆಯ ದಾಖಲೆಯೊಂದು ವ್ಯಕ್ತಿಯ ಜೊತೆಯಲ್ಲೇ ಹೊರಟುಹೋಗುತ್ತದೆ. ಆದ್ದರಿಂದ ಪತ್ರ ಯಾವ ಖಾತೆಗೆ ಬಂದಿತೋ ಆ ಖಾತೆಯಿಂದಲೇ ಉತ್ತರ ಹೋಗಬೇಕೆಂಬ ನಿಯಮವನ್ನು ನಾವು ಸಡಿಲಿಸುವುದಿಲ್ಲ. ಥಂಡರ್‌ಬರ್ಡ್ ಬಂದ ಖಾತೆಯನ್ನೇ ಉತ್ತರಕ್ಕೆ ಆರಿಸಿಕೊಳ್ಳುವುದರಿಂದ ಕಂಪ್ಯೂಟರ್‌ನಲ್ಲಿ ಇದು ಕಷ್ಟವಲ್ಲ. ಹೊಸ ಪತ್ರ ಬರೆಯುವಾಗ ಮಾತ್ರ ಕಳುಹಿಸುವವರ ಸಾಲನ್ನು ನೋಡಿಕೊಳ್ಳಬೇಕು. ಫೋನ್‌ನಲ್ಲಿ ಎಲ್ಲ ಇನ್‌ಬಾಕ್ಸ್‌ಗಳು ಒಟ್ಟಿಗೆ ಕಾಣುವ ನೋಟ ಓದುವುದಕ್ಕೆ ಅನುಕೂಲವೇ ಆದರೂ ಅಲ್ಲಿಂದ ಹೊಸ ಪತ್ರ ಬರೆಯುವುದು ಸುರಕ್ಷಿತವಲ್ಲ ಎಂಬುದು ನನ್ನ ಅಭಿಪ್ರಾಯ. ನಾನು ಫೋನ್‌ನಲ್ಲಿ ಓದಿ, ನಕ್ಷತ್ರದ ಗುರುತು ಹಾಕಿಟ್ಟು, ಡೆಸ್ಕ್‌ಟಾಪ್‌ನ ಮುಂದೆ ಕುಳಿತ ಮೇಲೆ ಉತ್ತರಿಸುತ್ತೇನೆ.

ಪತ್ರವ್ಯವಹಾರ ಮಲಯಾಳಂ, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ನಡೆಯುವ ನಮ್ಮಂಥ ಕಚೇರಿಗಳಿಗೆ ಹುಡುಕಾಟವೂ ಒಂದು ಸಮಸ್ಯೆ. ಮಲಯಾಳಂನಲ್ಲಿ ಬಂದ ಸುತ್ತೋಲೆಯನ್ನು ಕನ್ನಡ ಪದದಿಂದ ಹುಡುಕಿದರೆ ಸಿಗುವುದಿಲ್ಲ. ತಪಾಲು ರಿಜಿಸ್ಟರ್‌ನ ಕ್ರಮಸಂಖ್ಯೆಯನ್ನು ಉತ್ತರದ ವಿಷಯದ ಸಾಲಿನಲ್ಲಿ 1, 2, 3 ಎಂಬ ಅಂಕೆಗಳಲ್ಲೇ ಬರೆಯುವ ರೂಢಿ ಮಾಡಿಕೊಂಡ ಮೇಲೆ ಯಾವ ಯಂತ್ರದಿಂದ ಹುಡುಕಿದರೂ ಪತ್ರ ಸಿಗುತ್ತದೆ. ಕರ್ನಾಟಕದ ಸಂಸ್ಥೆಗಳಿಂದ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ ಬಂದರೆ, ಆ ಫಾಂಟ್ ಇಲ್ಲದ ಫೋನ್ ಮತ್ತು ಉಬುಂಟು ಯಂತ್ರಗಳಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿಯೋ ಪಿಡಿಎಫ್ ಆಗಿಯೋ ಕಳುಹಿಸಿರೆಂದು ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಸ್ಥಳಾವಕಾಶದ ವಿಷಯವನ್ನೂ ಹೇಳಬೇಕು. ಗೂಗಲ್‌ನ ಉಚಿತ ಖಾತೆಯಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ 15 ಜಿಬಿ ಇರುತ್ತದೆ. ವಾರ್ಷಿಕೋತ್ಸವದ ವಿಡಿಯೋಗಳನ್ನು ಅಧಿಕೃತ ಖಾತೆಯ ಡ್ರೈವ್‌ಗೆ ಏರಿಸಿ ಅದು ತುಂಬಿಹೋದರೆ ಸುತ್ತೋಲೆಗಳು ಬರುವುದೂ ನಿಂತುಹೋಗುತ್ತದೆ. ಚಿತ್ರ, ವಿಡಿಯೋಗಳಿಗೆ ನಾವು ಶತಮಾನೋತ್ಸವದ ಖಾತೆಯನ್ನು ಬಳಸುತ್ತೇವೆ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿರುವುದರಿಂದ, ಸಮಾರಂಭ ಮುಗಿದ ಮೇಲೆ ಮರೆತುಬಿಡುವ ಇಂಥ ಖಾತೆಗಳಿಗೆ ಆಗಾಗ ಲಾಗಿನ್ ಆಗುವುದು ಅಗತ್ಯ.

ಕೊನೆಯದಾಗಿ ಹಸ್ತಾಂತರ. ಕೇರಳದಲ್ಲಿ ಮೇ 31ರಂದು ಬಹಳಷ್ಟು ಅಧ್ಯಾಪಕರು ನಿವೃತ್ತರಾಗುತ್ತಾರೆ. ಅಧಿಕೃತ ಖಾತೆಯ ರಿಕವರಿ ನಂಬರ್ (ಖಾತೆಯನ್ನು ಮರಳಿ ಪಡೆಯಲು ಕೊಟ್ಟಿರುವ ಫೋನ್ ಸಂಖ್ಯೆ) ನಿವೃತ್ತರಾಗುವ ಮುಖ್ಯೋಪಾಧ್ಯಾಯರದ್ದೇ ಆಗಿದ್ದರೆ, ಜೂನ್ ತಿಂಗಳಲ್ಲಿ ಹೊಸ ಯಂತ್ರದಿಂದ ಲಾಗಿನ್ ಆಗಲು ಯತ್ನಿಸಿದಾಗ ಒಟಿಪಿ ಅವರ ಫೋನ್‌ಗೆ ಹೋಗುತ್ತದೆ. ಹೀಗಾಗಿ ಮೇ ತಿಂಗಳ ಕೊನೆಯ ವಾರದಲ್ಲಿ ಹಳಬರು ಮತ್ತು ಹೊಸಬರು ಒಟ್ಟಿಗೆ ಕುಳಿತು ರಿಕವರಿ ನಂಬರ್ ಮತ್ತು ರಿಕವರಿ ಇಮೇಲ್ ಬದಲಾಯಿಸಬೇಕು, ಪಾಸ್‌ವರ್ಡ್ ಹೊಸದಾಗಿ ಇಡಬೇಕು. ಎರಡು ಹಂತದ ಪರಿಶೀಲನೆ ಇರುವ ಖಾತೆಗೆ ಗೂಗಲ್ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತದೆ, ಒಂದೊಂದನ್ನೂ ಒಂದೇ ಬಾರಿ ಬಳಸಬಹುದು. ಅವುಗಳನ್ನು ಮುದ್ರಿಸಿ, ಲಕೋಟೆಯಲ್ಲಿ ಹಾಕಿ, ಅಡ್ಮಿಶನ್ ರಿಜಿಸ್ಟರ್ ಇರುವ ಕಪಾಟಿನಲ್ಲಿಯೇ ಬೀಗ ಹಾಕಿ ಇಡುವುದು ನಮ್ಮ ಪದ್ಧತಿ. ಇಷ್ಟಾದ ಮೇಲೆ ಖಾತೆಯ ಭದ್ರತಾ ಪುಟದಲ್ಲಿ ಲಾಗಿನ್ ಆಗಿರುವ ಸಾಧನಗಳ ಪಟ್ಟಿಯನ್ನು ತೆರೆದು, ಶಾಲೆಯಲ್ಲಿ ಇನ್ನು ಇರದವರ ಫೋನ್ ಮತ್ತು ಲ್ಯಾಪ್‌ಟಾಪ್‌ಗಳನ್ನು ಅವರ ಎದುರಿನಲ್ಲೇ ಸೈನ್ ಔಟ್ ಮಾಡಿದರೆ ಎರಡೂ ಕಡೆಯವರಿಗೆ ಒಳ್ಳೆಯದು.