ಗಲ್ಫಿಗೆ ಹೊರಟವರ ಬ್ಯಾಂಕಿನ ಕೆಲಸ: ಎಲ್ಲ ನಿಂತಿರುವುದು ಒಂದು ಸಿಮ್ಮಿನ ಮೇಲೆ

ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ ಕಡೆಯಿಂದ ದುಬೈಗೋ ದಮ್ಮಾಮಿಗೋ ಹೊರಡುವವರ ಬ್ಯಾಗಿನಲ್ಲಿ ಉಪ್ಪಿನಕಾಯಿ, ಕೋಕಂ, ಒಣಮೀನು ಎಲ್ಲ ತೂಕ ನೋಡಿಯೇ ತುಂಬಿರುತ್ತದೆ. ಬ್ಯಾಂಕಿನ ಕೆಲಸವನ್ನು ಮಾತ್ರ "ಅಲ್ಲಿ ಹೋಗಿ ಆನ್‌ಲೈನ್ ಮಾಡಿದರಾಯ್ತು" ಎಂದು ಬಿಟ್ಟುಬಿಡುತ್ತಾರೆ. ಆನ್‌ಲೈನ್ ಬ್ಯಾಂಕಿಂಗ್ ನಡೆಯುವುದು ನಿಮ್ಮ ಪಾಸ್‌ವರ್ಡಿನ ಮೇಲಲ್ಲ, ಬ್ಯಾಂಕಿನಲ್ಲಿ ದಾಖಲಾದ ಮೊಬೈಲ್ ನಂಬರಿನ ಮೇಲೆ. ಆ ನಂಬರು ಸತ್ತರೆ ಪಾಸ್‌ವರ್ಡ್ ಬಾಯಿಪಾಠ ಇದ್ದರೂ ಪ್ರಯೋಜನವಿಲ್ಲ. ಊರಿನ ಖಾತೆಗೂ ಅಷ್ಟೇ, ಅಲ್ಲಿ ತೆರೆಯುವ ಖಾತೆಗೂ ಅಷ್ಟೇ.

ಮೊದಲು ಊರಿನ ಸಿಮ್. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದ ಪ್ರಕಾರ ಪ್ರೀಪೇಯ್ಡ್ ಸಿಮ್ಮಿನಲ್ಲಿ 90 ದಿನ ಕರೆ, ಮೆಸೇಜು, ಡೇಟಾ ಯಾವುದೂ ನಡೆಯದಿದ್ದರೆ ಕಂಪನಿ ಅದನ್ನು ಬಂದ್ ಮಾಡಬಹುದು. ಸಿಮ್ಮಿನಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಕಡಿದುಕೊಂಡು ಇನ್ನೂ 30 ದಿನ ಎಳೆಯುತ್ತಾರೆ. ಆದರೆ ಇದನ್ನೇ ನಂಬಿ ಕೂರಬೇಡಿ. ಪ್ಲಾನಿನ ವ್ಯಾಲಿಡಿಟಿ ಮುಗಿದರೆ ಒಳಬರುವ ಮೆಸೇಜೂ ನಿಲ್ಲಬಹುದು, ಓಟಿಪಿ ಅಲ್ಲೇ ಹೋಯಿತು. ಬಂದ್ ಆದ ನಂಬರನ್ನು ಕೆಲವು ಕಾಲದ ನಂತರ ಬೇರೆಯವರಿಗೆ ಕೊಡುತ್ತಾರೆ. ಆಗ ನಿಮ್ಮ ಖಾತೆಯ ಮೆಸೇಜು ಯಾರದೋ ಫೋನಿನಲ್ಲಿ ಬೀಳುತ್ತದೆ. ರೀಚಾರ್ಜ್ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ.

ಸಿಮ್ಮನ್ನು ಮನೆಯಲ್ಲಿ ಅಪ್ಪನ ಫೋನಿಗೆ ಹಾಕಿ ಹೋಗುವ ರೂಢಿಯಿದೆ. ಓಟಿಪಿ ಬಂದಾಗ ವಾಟ್ಸಾಪಿನಲ್ಲಿ ತಿಳಿಸುತ್ತಾರೆ ಎಂಬ ಲೆಕ್ಕ. ಓಟಿಪಿಯ ಆಯುಸ್ಸು ಕೆಲವೇ ನಿಮಿಷ. ಶಿರಸಿ, ಸಿದ್ದಾಪುರ ಕಡೆಯ ತೋಟದ ಮನೆಗಳಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಹತ್ತಿ ಮುಗಿಯುವುದರೊಳಗೆ ಓಟಿಪಿ ಹಳಸಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಓಟಿಪಿಯನ್ನು ಫೋನಿನಲ್ಲಿ ಓದಿ ಹೇಳುವ ಅಭ್ಯಾಸ ಮನೆಯವರಿಗೆ ಒಮ್ಮೆ ಬಿದ್ದರೆ, ನಾಳೆ ಬ್ಯಾಂಕಿನವನು ಎಂದು ಹೇಳಿಕೊಂಡು ಕರೆ ಮಾಡುವ ಕಳ್ಳನಿಗೂ ಅಷ್ಟೇ ಮುಗ್ಧವಾಗಿ ಓದಿ ಹೇಳುತ್ತಾರೆ. ಸಿಮ್ಮನ್ನು ನೀವೇ ಒಯ್ಯಿರಿ. ಎರಡು ಸಿಮ್ಮಿನ ಫೋನು ಇರಲಿ, ಅಂತಾರಾಷ್ಟ್ರೀಯ ರೋಮಿಂಗನ್ನು ಹೊರಡುವ ಮೊದಲೇ ಚಾಲೂ ಮಾಡಿಸಿ, ಊರಿನ ಸಿಮ್ಮಿನ ಡೇಟಾ ಆಫ್ ಇಡಿ. ರೋಮಿಂಗಿನಲ್ಲಿ ಒಳಬರುವ ಮೆಸೇಜಿಗೆ ಸಾಮಾನ್ಯವಾಗಿ ದುಡ್ಡಿಲ್ಲ.

ಗೋವಾದ ದಾಬೋಲಿಂ, ಮೋಪಾ, ಇಲ್ಲವೇ ಮಂಗಳೂರು, ಎಲ್ಲಿಂದ ವಿಮಾನ ಹತ್ತುವುದಾದರೂ ಅದಕ್ಕೆ ಒಂದು ವಾರ ಮೊದಲು ಶಾಖೆಗೆ ಒಂದು ಪೂರ್ತಿ ಬೆಳಿಗ್ಗೆ ಕೊಡಿ. ನೆಟ್‌ಬ್ಯಾಂಕಿಂಗಿನ ಲಾಗಿನ್ ಪಾಸ್‌ವರ್ಡ್ ಮತ್ತು ಹಣ ಕಳಿಸುವ ಪಾಸ್‌ವರ್ಡ್ ಎರಡನ್ನೂ ಹಾಕಿ, ಒಮ್ಮೆ 10 ರೂಪಾಯಿ ಕಳಿಸಿ ನೋಡಿ. ಇಮೇಲ್ ವಿಳಾಸ ದಾಖಲಾಗಿದೆಯೇ ಕೇಳಿ. ಎಷ್ಟೋ ಖಾತೆಗಳಲ್ಲಿ ಆ ಜಾಗ ಖಾಲಿ ಇರುತ್ತದೆ, ಇಲ್ಲವೇ ಸೈಬರ್ ಅಂಗಡಿಯವನ ಇಮೇಲ್ ಇರುತ್ತದೆ. ಬ್ಯಾಂಕಿನ ಆ್ಯಪನ್ನು ಊರಿನಲ್ಲೇ ಹಾಕಿ ನೋಂದಾಯಿಸಿ. ಅದು ನಿಮ್ಮ ಸಿಮ್ಮಿನಿಂದ ತಾನೇ ಒಂದು ಮೆಸೇಜು ಕಳಿಸಿ ಫೋನನ್ನು ಗುರುತು ಮಾಡಿಕೊಳ್ಳುತ್ತದೆ. ರೋಮಿಂಗಿನಲ್ಲಿ ಹೊರಹೋಗುವ ಈ ಮೆಸೇಜು ಎಷ್ಟೋ ಸಲ ತಲುಪುವುದಿಲ್ಲ, ಆ್ಯಪು ಚಕ್ರ ತಿರುಗಿಸುತ್ತ ಕೂರುತ್ತದೆ. ಡೆಬಿಟ್ ಕಾರ್ಡಿಗೆ ವಿದೇಶಿ ಬಳಕೆ ತಾನಾಗಿ ಇರುವುದಿಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದ ಹೊಸ ಕಾರ್ಡುಗಳು ಭಾರತದೊಳಗಿನ ಎಟಿಎಂ ಮತ್ತು ಅಂಗಡಿಗೆ ಮಾತ್ರ ತೆರೆದಿರುತ್ತವೆ, ಉಳಿದದ್ದನ್ನು ಆ್ಯಪಿನಲ್ಲಿ ನೀವೇ ಒತ್ತಿ ತೆರೆಯಬೇಕು.

ಪಾಸ್‌ಬುಕ್ ಹಳೆಯದಾಗಿದ್ದರೆ ಐಎಫ್‌ಎಸ್‌ಸಿ, ಅಂದರೆ ಶಾಖೆಯ ಕೋಡು, ನೋಡಿ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾದಲ್ಲಿ ಸೇರಿತು, ಅದೇ ದಿನ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ. ನಮ್ಮ ಕರಾವಳಿಯ ಅರ್ಧ ಮನೆಗಳ ಪಾಸ್‌ಬುಕ್ ಈ ಎರಡರದ್ದೇ. ಹಳೆಯ ಕೋಡು ಬರೆದು ಕಳಿಸಿದ ಹಣ ವಾಪಸ್ ಹೋಗುತ್ತದೆ. ಕೋಡಿನಲ್ಲಿ ಒಟ್ಟು 11 ಅಕ್ಷರ, ಐದನೆಯದು ಸೊನ್ನೆ; ಅದನ್ನು ಇಂಗ್ಲಿಷಿನ ಓ ಎಂದು ಬರೆಯುವವರು ಇನ್ನೂ ಇದ್ದಾರೆ.

ಇನ್ನು ಹೆಸರು. ನಾಯ್ಕ, ನಾಯಕ, ಗೌಡ, ಹೆಗಡೆ ಇವನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆ ಒಂದೊಂದು ದಾಖಲೆಯಲ್ಲಿ ಒಂದೊಂದು. ಶಾಲೆ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರು ನಡುವೆ, ಪ್ಯಾನಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ. ಗಲ್ಫಿನಲ್ಲಿ ಎಲ್ಲವೂ ಪಾಸ್‌ಪೋರ್ಟಿನ ಹೆಸರಿನ ಮೇಲೆ ಹೋಗುತ್ತದೆ. ಹಾಗಾಗಿ ಬದಲಾಗಬೇಕಾದದ್ದು ಊರಿನ ಖಾತೆಯ ಹೆಸರು, ಪಾಸ್‌ಪೋರ್ಟಿನದ್ದಲ್ಲ. ಒಂದು ಅಕ್ಷರ ಹೆಚ್ಚುಕಮ್ಮಿ ಇದ್ದರೂ ಕಳಿಸಿದ ಹಣವನ್ನು ತಪಾಸಣೆಗೆಂದು ತಡೆದಿಡುವುದುಂಟು.

ಕೆಲಸಕ್ಕೆಂದು ದೇಶ ಬಿಟ್ಟವರು ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ವಿದೇಶಿ ವಿನಿಮಯದ ಫೆಮಾ ಕಾನೂನಿನಂತೆ ಅದನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಬಾಡಿಗೆ, ಅಡಿಕೆ ದುಡ್ಡು, ಹಳೆಯ ಠೇವಣಿಯ ಬಡ್ಡಿ ಬರುವುದು ಇದಕ್ಕೆ. ಗಲ್ಫಿನ ಸಂಬಳ ಕಳಿಸಲು ಬೇರೆ ಎನ್‌ಆರ್‌ಇ ಖಾತೆ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಹಣವನ್ನು ಯಾವಾಗ ಬೇಕಾದರೂ ಮತ್ತೆ ಹೊರಗೆ ಒಯ್ಯಬಹುದು. ಎನ್‌ಆರ್‌ಒ ಬಡ್ಡಿಯಲ್ಲಿ ಸೆಸ್ ಸೇರಿ ಶೇ. 31.2 ಮೂಲದಲ್ಲೇ ಕಡಿತ, ಹೊರಗೆ ಒಯ್ಯಲು ವರ್ಷಕ್ಕೆ 10 ಲಕ್ಷ ಡಾಲರಿನ ಮಿತಿ ಮತ್ತು ಲೆಕ್ಕಪರಿಶೋಧಕರ ಕಾಗದ. ಎರಡನ್ನೂ ಕಲಸಬೇಡಿ. ಎನ್‌ಆರ್‌ಇಯಿಂದ ಎನ್‌ಆರ್‌ಒಗೆ ಹಣ ಒಂದು ಕ್ಷಣದಲ್ಲಿ ಹೋಗುತ್ತದೆ, ವಾಪಸ್ ತರಲು ಮಾತ್ರ ಆ ಕಾಗದಗಳೆಲ್ಲ ಬೇಕು. ಊರಿನ ಸೇವಾ ಸಹಕಾರಿ ಸಂಘದಲ್ಲಿ ಎನ್‌ಆರ್‌ಇ ಖಾತೆ ಸಿಗುವುದಿಲ್ಲ. ಸೊಸೈಟಿಯ ನಂಟು ಎಷ್ಟೇ ಹಳೆಯದಾದರೂ ಇದಕ್ಕೆ ಬ್ಯಾಂಕೇ ಆಗಬೇಕು.

ಉದ್ಯೋಗ ವೀಸಾ ಕೈಗೆ ಬಂದ ಕೂಡಲೇ ಎನ್‌ಆರ್‌ಐ (ಅನಿವಾಸಿ) ಖಾತೆಯ ಅರ್ಜಿಯನ್ನು ಶಾಖೆಯಲ್ಲೇ ತೆಗೆದುಕೊಳ್ಳುತ್ತಾರೆಯೇ ಕೇಳಿ. ಅಸಲು ಪಾಸ್‌ಪೋರ್ಟ್ ನೋಡಿ ಅಧಿಕಾರಿ ಸಹಿ ಹಾಕಿದರೆ, ಆಮೇಲೆ ಅಲ್ಲಿ ರಾಯಭಾರ ಕಚೇರಿಗೋ ನೋಟರಿಗೋ ದುಡ್ಡು ಕೊಟ್ಟು ದೃಢೀಕರಿಸುವ ಕೆಲಸ ತಪ್ಪುತ್ತದೆ. "ವಿಡಿಯೋ ಕೆವೈಸಿ ಇದೆಯಲ್ಲ" ಎನ್ನಬೇಡಿ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಭಾರತದ ಹೊರಗಿನ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕದ ಗುರುತು) ಬರುವ ವಿಡಿಯೋ ಕೆವೈಸಿಯನ್ನು ತಡೆಯಬೇಕೆಂದೇ ಇದೆ. ಶಾರ್ಜಾದಿಂದ ಹತ್ತು ಸಲ ಪ್ರಯತ್ನಿಸಿದರೂ ಅದು ನಡುವೆ ಕಡಿದುಹೋಗುವುದು ನೆಟ್‌ವರ್ಕಿನ ದೋಷದಿಂದಲ್ಲ. ಹೋದ ಮೇಲೆ ಅರ್ಜಿ ಹಾಕುವವರಿಗೆ ಇನ್ನೊಂದು ತೊಡಕು ವೀಸಾ ಪುಟದ್ದು. ಶಾಖೆಯವರು "ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಿಕ್ಕರ್ ಎಲ್ಲಿ" ಎಂದು ಕೇಳುತ್ತಾರೆ. ಯುಎಇ 2022ರಲ್ಲೇ ಸ್ಟಿಕ್ಕರ್ ಹಚ್ಚುವುದನ್ನು ನಿಲ್ಲಿಸಿದೆ. ಅಲ್ಲಿನ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿಯ ಎರಡೂ ಬದಿಯ ಪ್ರತಿ ಕೊಟ್ಟು ಇದೇ ವಾಸದ ಪುರಾವೆ ಎಂದು ತಾಳ್ಮೆಯಿಂದ ವಿವರಿಸಿ.

ಪ್ಯಾನ್ ವಿಷಯ ಎರಡೇ ಮಾತಿನಲ್ಲಿ: ಅನಿವಾಸಿಗಳಿಗೆ ಆಧಾರ್ ಜೋಡಣೆ ಕಡ್ಡಾಯವಲ್ಲ, ಆದರೆ ಆದಾಯ ತೆರಿಗೆ ಪೋರ್ಟಲಿನಲ್ಲಿ ನೀವು ಅನಿವಾಸಿ ಎಂದು ಬದಲಿಸದಿದ್ದರೆ ಪ್ಯಾನ್ ನಿಷ್ಕ್ರಿಯ ಎಂದು ತೋರಿಸುತ್ತದೆ. ಆಮೇಲೆ ಬ್ಯಾಂಕಿನ ಅರ್ಜಿ ಮುಂದೆ ಹೋಗುವುದಿಲ್ಲ.

ಅಲ್ಲಿ ಇಳಿದ ಮೇಲೆ ಕೆಲಸಗಳಿಗೆ ಒಂದು ಸರತಿ ಇದೆ, ಹಾರಿಸಲು ಬರುವುದಿಲ್ಲ. ಯುಎಇಯಲ್ಲಿ ಮೆಡಿಕಲ್, ಬೆರಳಚ್ಚು, ಎಮಿರೇಟ್ಸ್ ಐಡಿ, ಆ ಐಡಿಯ ಮೇಲೆ ಸಿಮ್, ಆಮೇಲೆ ಬ್ಯಾಂಕು. ಸೌದಿಯಲ್ಲಿ ಇಕಾಮಾ (ವಾಸದ ಪರವಾನಗಿ), ಅದರ ಮೇಲೆ ಸಿಮ್, ಅಬ್ಶರ್ (ಸರ್ಕಾರಿ ಸೇವೆಗಳ ಆ್ಯಪು), ನಫಾಝ್ (ಗುರುತು ಖಚಿತಪಡಿಸುವ ಆ್ಯಪು), ಆಮೇಲೆ ಬ್ಯಾಂಕು. ಇಲ್ಲಿ ಹೆಚ್ಚಿನವರು ಎಡವುವುದು ಸಿಮ್ಮಿನಲ್ಲೇ. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿನ ಮೇಲೆ ಸಿಕ್ಕ ಸಂದರ್ಶಕರ ಸಿಮ್ಮು, ರೂಮಿನ ಗೆಳೆಯನ ಹೆಸರಿನ ಸಿಮ್ಮು, ಕಂಪನಿ ಕೊಟ್ಟ ಸಿಮ್ಮು ಇವುಗಳಲ್ಲಿ ಒಂದನ್ನು ಬ್ಯಾಂಕಿನ ಅರ್ಜಿಯಲ್ಲಿ ಬರೆದುಬಿಡುತ್ತಾರೆ. ಸೌದಿಯಲ್ಲಿ ನಂಬರು ನಿಮ್ಮ ಇಕಾಮಾದ್ದಲ್ಲ ಎಂದು ಅಲ್ಲೇ ತಿರಸ್ಕಾರವಾಗುತ್ತದೆ. ಬೇರೆ ಕಡೆ ಹೇಗೋ ದಾಟಿದರೂ, ಕೆಲಸ ಬಿಟ್ಟ ದಿನ ಕಂಪನಿ ಸಿಮ್ ವಾಪಸ್ ಕೇಳಿದಾಗ ಬ್ಯಾಂಕಿನ ಆ್ಯಪೂ ಅದರ ಜೊತೆಗೇ ಹೋಗುತ್ತದೆ. ಕೊನೆಯ ಸಂಬಳ ಒಳಗೇ ಉಳಿಯುತ್ತದೆ. ನಿಮ್ಮ ಹೆಸರಿನ, ನಿಮ್ಮ ಐಡಿಯ ಸಿಮ್ ಬಿಟ್ಟು ಬೇರೆ ನಂಬರನ್ನು ಬ್ಯಾಂಕಿಗೆ ಕೊಡಬೇಡಿ, ವಾರ ತಡವಾದರೂ ಪರವಾಗಿಲ್ಲ.

ಅರ್ಜಿಯ ನಡುವೆ ತೆರಿಗೆ ವಾಸದ ಒಂದು ಪುಟ ಬರುತ್ತದೆ. "ಯಾವ ದೇಶದ ತೆರಿಗೆ ನಿವಾಸಿ, ತೆರಿಗೆ ಸಂಖ್ಯೆ ಏನು" ಎಂದು ಕೇಳುತ್ತದೆ. ಹುಟ್ಟಿದ್ದು ಭಾರತದಲ್ಲಿ ಎಂದು ಇಲ್ಲೂ ಭಾರತ ಎಂದೇ ಬರೆಯುವವರಿದ್ದಾರೆ. ಪೌರತ್ವ ಬೇರೆ, ತೆರಿಗೆ ವಾಸ ಬೇರೆ. ಸಂಬಳದ ಮೇಲೆ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲದ ದೇಶದಲ್ಲಿ ಆ ಸಂಖ್ಯೆ ಇರುವುದಿಲ್ಲ, ಅದಕ್ಕಾಗಿಯೇ "ಈ ದೇಶ ಸಂಖ್ಯೆ ಕೊಡುವುದಿಲ್ಲ" ಎಂಬ ಆಯ್ಕೆ ಇರುತ್ತದೆ. ಸಂಬಳ ನೇರ ಬರುವ ಖಾತೆಗೆ ಕನಿಷ್ಠ ಬ್ಯಾಲೆನ್ಸಿನ ಷರತ್ತು ಸಾಮಾನ್ಯವಾಗಿ ಇಲ್ಲ. ಇಲ್ಲದಿದ್ದರೆ ಯುಎಇಯ ಹಲವು ಬ್ಯಾಂಕುಗಳು 3000 ದಿರ್ಹಂ ಕೇಳುತ್ತವೆ, ಕಡಿಮೆಯಾದರೆ ತಿಂಗಳು ತಿಂಗಳು ಕಡಿತ.

ಖಾತೆ ತೆರೆದಾಗ ಸಿಗುವ ಐಬ್ಯಾನ್ ಎಂಬ ಉದ್ದನೆಯ ಅಂತಾರಾಷ್ಟ್ರೀಯ ಖಾತೆ ಸಂಖ್ಯೆಯನ್ನೇ ಕಂಪನಿಗೆ ಕೊಡಬೇಕು. ಯುಎಇಯಲ್ಲಿ 23 ಅಕ್ಷರ, ಸೌದಿಯಲ್ಲಿ 24, ಬಹರೇನಿನಲ್ಲಿ 22, ಕತಾರಿನಲ್ಲಿ 29, ಕುವೈತಿನಲ್ಲಿ 30. ಎಣಿಸಿ ಕೊಡಿ. ಭಾರತದಲ್ಲಿ ಐಬ್ಯಾನ್ ಪದ್ಧತಿ ಇಲ್ಲ, ಊರಿನ ಖಾತೆಗೆ ಐಬ್ಯಾನ್ ಹುಡುಕುತ್ತ ಶಾಖೆಗೆ ಫೋನು ಮಾಡಬೇಡಿ. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಸಾಕು.

ಆ್ಯಪು ಕೈಕೊಡುವ ಕಾರಣಗಳಲ್ಲಿ ವಿಪಿಎನ್ (ನೀವಿರುವ ಜಾಗವನ್ನು ಇಂಟರ್ನೆಟ್ಟಿನಲ್ಲಿ ಮರೆಸುವ ಆ್ಯಪು) ಮೊದಲನೆಯದು. ಯುಎಇಯಲ್ಲಿ ವಾಟ್ಸಾಪ್ ಕರೆ ಹೋಗುವುದಿಲ್ಲ, ಅದಕ್ಕೆಂದು ರೂಮಿನ ಎಲ್ಲರೂ ವಿಪಿಎನ್ ಹಾಕಿಕೊಂಡಿರುತ್ತಾರೆ. ಅದರ ದುರ್ಬಳಕೆಗೆ ಅಲ್ಲಿ ದೊಡ್ಡ ದಂಡ ಇದೆ, ಅದು ಬೇರೆ ಮಾತು. ವಿಪಿಎನ್ ಆನ್ ಇದ್ದಾಗ ಬ್ಯಾಂಕಿನ ಆ್ಯಪಿಗೆ ನೀವು ಹತ್ತು ನಿಮಿಷದ ಹಿಂದೆ ದುಬೈಯಲ್ಲಿ, ಈಗ ನೆದರ್‌ಲ್ಯಾಂಡ್ಸಿನಲ್ಲಿ ಇದ್ದಂತೆ ಕಾಣುತ್ತದೆ. ಕಳ್ಳನೆಂದು ಬಾಗಿಲು ಹಾಕುತ್ತದೆ. ಊರಿನ ಬ್ಯಾಂಕಿನದ್ದೂ ಹಾಗೇ. ಎರಡನೆಯದು ಪ್ಲೇಸ್ಟೋರ್. ನಿಮ್ಮ ಗೂಗಲ್ ಖಾತೆ ಭಾರತದ್ದಾದರೆ ಅಲ್ಲಿನ ಕೆಲವು ಆ್ಯಪುಗಳು ಕಾಣುವುದೇ ಇಲ್ಲ. ದೇಶ ಬದಲಿಸಲು ಹೊರಡಬೇಡಿ, ವರ್ಷಕ್ಕೆ ಒಂದೇ ಸಲ ಬದಲಿಸಲು ಬರುತ್ತದೆ. ಅದೇ ಫೋನಿನಲ್ಲಿ ಎರಡನೆಯ ಗೂಗಲ್ ಖಾತೆ ಮಾಡಿ ಅದಕ್ಕೆ ಆ ದೇಶ ಇಡಿ. ಇನ್ನು ಫೋನು ಬದಲಿಸುವುದಾದರೆ ಹಳೆಯದು ನಡೆಯುತ್ತಿರುವಾಗಲೇ ಹೊಸದರಲ್ಲಿ ನೋಂದಣಿ ಮುಗಿಸಿ. ಎಮಿರೇಟ್ಸ್ ಐಡಿ ನವೀಕರಿಸಿದ ದಿನವೇ ಹೊಸದನ್ನು ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ, ಅವಧಿ ಮೀರಿದ ಐಡಿಯಿಂದ ಕಾರ್ಡು ನಿಲ್ಲುತ್ತದೆ.

ಅಲ್ಲಿನ ನಂಬರನ್ನು ಊರಿನ ಎನ್‌ಆರ್‌ಇ ಖಾತೆಗೆ ಸೇರಿಸುವಾಗ ಒಂದು ಸೊನ್ನೆ ಕಾಟ ಕೊಡುತ್ತದೆ. ಯುಎಇಯಲ್ಲಿ 050 ಎಂದು ಶುರುವಾಗುವ 10 ಅಂಕಿ ಹೇಳುತ್ತಾರೆ, ಆದರೆ 971ರ ಮುಂದೆ ಆ ಸೊನ್ನೆ ಬಿಟ್ಟು 9 ಅಂಕಿ ಮಾತ್ರ. ಸೌದಿಯ 966ಕ್ಕೂ 9. ಕುವೈತ್, ಕತಾರ್, ಒಮಾನ್, ಬಹರೇನ್‌ಗೆ 8. ಸೊನ್ನೆ ಸೇರಿಸಿ ದಾಖಲಾದರೆ ಓಟಿಪಿ ಎಲ್ಲಿಗೂ ಹೋಗುವುದಿಲ್ಲ, ಬ್ಯಾಂಕಿನ ಪರದೆಯಲ್ಲಿ ಮಾತ್ರ "ಕಳಿಸಲಾಗಿದೆ" ಎಂದೇ ಇರುತ್ತದೆ. ಯುಪಿಐಗೆ ವಿದೇಶಿ ನಂಬರನ್ನು 2023ರ ಜನವರಿಯಲ್ಲಿ ಬಿಟ್ಟುಕೊಟ್ಟಾಗ ಪಟ್ಟಿಯಲ್ಲಿದ್ದ 10 ದೇಶಗಳಲ್ಲಿ ಯುಎಇ, ಸೌದಿ, ಕತಾರ್, ಒಮಾನ್ ಇದ್ದವು. ಕುವೈತ್, ಬಹರೇನ್ ಇರಲಿಲ್ಲ. ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಗೆ ಮಾತ್ರ ಈ ಸೌಲಭ್ಯ.

ಮೊದಲ ಸಲ 100 ದಿರ್ಹಂ ಕಳಿಸಿ, ಊರಿನಲ್ಲಿ ಜಮಾ ಆದದ್ದನ್ನು ನೋಡಿ, ಆಮೇಲೆ ಉಳಿದದ್ದು. ಎಲ್ಲವನ್ನೂ ಅಪ್ಪನ ಖಾತೆಗೇ ಕಳಿಸುವ ಪದ್ಧತಿ ಇದೆಯಲ್ಲ, ಅದು ಮನೆ ಖರ್ಚಿಗೆ ಸರಿ. ಉಳಿತಾಯವನ್ನೂ ಹಾಗೆ ಕಳಿಸಿದರೆ ಅದರ ಠೇವಣಿ ಬಡ್ಡಿಗೆ ಅಪ್ಪನಿಗೆ ತೆರಿಗೆ, ಎನ್‌ಆರ್‌ಇಯ ಸವಲತ್ತೂ ಇಲ್ಲ. ಅಪ್ಪನಿಗೆ ಹಣ ತೆಗೆಯಲು ಬೇಕೆಂದರೆ ನಿಮ್ಮ ಖಾತೆಯ ಮೇಲೆ ಬ್ಯಾಂಕಿನ ಅಧಿಕಾರಪತ್ರ ಕೊಡಿ. ಅದರಿಂದ ಊರಿನ ಪಾವತಿ ಮಾಡಬಹುದು, ಹೊರದೇಶಕ್ಕೆ ಮಾತ್ರ ನಿಮ್ಮನ್ನು ಬಿಟ್ಟು ಬೇರೆ ಯಾರಿಗೂ ಹಣ ಕಳಿಸಲು ಬರುವುದಿಲ್ಲ.

ಹಡಗಿನವರ ಕತೆ ಸ್ವಲ್ಪ ಬೇರೆ. ಕಾರವಾರ, ಅಂಕೋಲಾ ಕಡೆಯಿಂದ ವಿದೇಶಿ ಹಡಗಿಗೆ ಹೋಗುವವರಿಗೆ ಇಕಾಮಾ ಇಲ್ಲ, ವಿದೇಶಿ ವಿಳಾಸವೂ ಇಲ್ಲ. ಅವರು ಎನ್‌ಆರ್‌ಇಗೆ ಕೊಡಬೇಕಾದದ್ದು ಸಿಡಿಸಿ ಪುಸ್ತಕ (ಹಡಗಿನ ಕೆಲಸದವರ ಸೇವಾ ದಾಖಲೆ) ಮತ್ತು ಕರಾರು ಪತ್ರ. ನಡುಸಮುದ್ರದಲ್ಲಿ ಉಪಗ್ರಹದ ಇಂಟರ್ನೆಟ್ ಇದ್ದರೂ ಮೆಸೇಜು ಬರುವುದಿಲ್ಲ. ಇಮೇಲ್ ಓಟಿಪಿ ಅಥವಾ ಆ್ಯಪಿನೊಳಗೇ ಒಪ್ಪಿಗೆ ಕೊಡುವ ವ್ಯವಸ್ಥೆ ಇರುವ ಬ್ಯಾಂಕನ್ನೇ ಆರಿಸಿಕೊಳ್ಳಿ, ಮನೆಗೆ ಕಳಿಸುವ ಮೊತ್ತಕ್ಕೆ ಹತ್ತುವ ಮೊದಲೇ ತಿಂಗಳ ಸ್ಥಾಯಿ ಸೂಚನೆ (ತಾನಾಗಿ ಹಣ ಹೋಗುವ ವ್ಯವಸ್ಥೆ) ಹಾಕಿಡಿ.

ವಾಪಸ್ ಬರುವಾಗ ಕ್ರಮ ತಿರುವುಮುರುವು. ವೀಸಾ ರದ್ದಾಗುವ ಮೊದಲು ಕ್ರೆಡಿಟ್ ಕಾರ್ಡ್, ಸಾಲ ತೀರಿಸಿ ಬಾಕಿ ಇಲ್ಲ ಎಂಬ ಪತ್ರ ತೆಗೆದುಕೊಳ್ಳಿ. ಸಾಲ ಇದ್ದರೆ ಗ್ರಾಚ್ಯುಟಿ ಬಂದ ಕೂಡಲೇ ಖಾತೆಯನ್ನು ತಡೆಹಿಡಿಯಬಹುದು. ಗ್ರಾಚ್ಯುಟಿ ಜಮಾ ಆಗಲಿ, ಊರಿಗೆ ಕಳಿಸಿ, ಆಮೇಲೆ ಖಾತೆ ಮುಚ್ಚಲು ಅರ್ಜಿ ಹಾಕಿ. ಅಲ್ಲಿನ ಸಿಮ್ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ, ಕುಮಟಾದ ಖಾತೆಗೆ ಹಣ ಬಿದ್ದ ಮೆಸೇಜನ್ನು ಕಣ್ಣಾರೆ ನೋಡಿದ ಮೇಲೆ.