ಫಿಸಿಕ್ಸ್ ಲೆಕ್ಕಕ್ಕೆ ಯಾರ ಹತ್ರ ಕಳಿಸೋದು ಮೇಷ್ಟ್ರೇ?

ಮದುವೆ ಊಟಕ್ಕೆ ಕೂತಿರುತ್ತೇನೆ. ಎಲೆಗೆ ಕೋಸಂಬರಿ ಬೀಳುವ ಹೊತ್ತಿಗೆ ಪಕ್ಕದವರು ಶುರು ಮಾಡುತ್ತಾರೆ. "ಮೇಷ್ಟ್ರೇ, ನಮ್ಮ ಹುಡುಗ ಎಸ್ಸೆಸ್ಸೆಲ್ಸೀಲಿ ಚೆನ್ನಾಗೇ ತೆಗೆದಿದ್ದ. ಈಗ ಫಸ್ಟ್ ಪಿಯುಸಿ. ಫಿಸಿಕ್ಸ್ ಲೆಕ್ಕ ಅಂದ್ರೆ ಪುಸ್ತಕ ಮುಚ್ಚಿಡ್ತಾನೆ. ಯಾರ ಹತ್ರ ಕಳಿಸೋದು ಹೇಳಿ."

ಹಾಸನದಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡಿ ನಿವೃತ್ತನಾದವನು ನಾನು. ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಸಾರು ಬರುವುದರೊಳಗೆ ಹೇಳಿ ಮುಗಿಸುವ ಉತ್ತರ ಇದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಯಾರ ಹತ್ರ ಬೇಕಾದರೂ ಕಳಿಸಿ. ಆದರೆ ಬರಿಗೈಯಲ್ಲಿ ಕಳಿಸಬೇಡಿ. ಅವನೇ ಬಿಡಿಸಿದ ಒಂದು ಚಿತ್ರ, ಅವನೇ ಬರೆದ ನಾಲ್ಕು ಸಾಲು ಜೊತೆಗಿರಲಿ. ತಪ್ಪಿದ್ದರೂ ಪರವಾಗಿಲ್ಲ. ನಿಜ ಹೇಳಬೇಕೆಂದರೆ, ತಪ್ಪಿದ್ದರೇ ಒಳ್ಳೆಯದು.

"ಸರ್, ಈ ಲೆಕ್ಕ ಬರ್ತಿಲ್ಲ" ಅಂತ ಪುಸ್ತಕ ಮಾತ್ರ ಹಿಡಿದು ಬಂದರೆ ನಾನೇನು ಮಾಡಲಿ? ಪೂರ್ತಿ ಬಿಡಿಸಿ ತೋರಿಸಬೇಕು, ಅಷ್ಟೇ. ಹುಡುಗ ತಲೆ ಆಡಿಸುತ್ತಾನೆ. "ಅರ್ಥ ಆಯ್ತಾ?" ಅಂದರೆ "ಹೂಂ ಸರ್". ಮುಂದಿನ ವಾರ ಅದೇ ಲೆಕ್ಕ, ಅಂಕಿ ಬೇರೆ. ಮತ್ತೆ ಅಲ್ಲೇ ನಿಂತಿರುತ್ತಾನೆ.

ಒಮ್ಮೆ ಒಬ್ಬಳು ಹುಡುಗಿ ಸಂಜೆ ನಮ್ಮ ಜಗಲಿಗೆ ಬಂದಳು. ರಾಟೆಯ ಲೆಕ್ಕ. ದಾರದ ಒಂದು ತುದಿಗೆ 3 ಕೆಜಿ ಕಲ್ಲು, ಇನ್ನೊಂದು ತುದಿಗೆ 2 ಕೆಜಿ ಕಲ್ಲು. ಬಿಟ್ಟರೆ ಎಷ್ಟು ಆಕ್ಸಿಲರೇಶನ್ (ವೇಗೋತ್ಕರ್ಷ, ಅಂದರೆ ಸೆಕೆಂಡಿಗೆ ವೇಗ ಎಷ್ಟು ಏರುತ್ತದೆ), ದಾರದ ಟೆನ್ಷನ್ (ದಾರ ಎಳೆಯುವ ಬಲ) ಎಷ್ಟು? ಪುಣ್ಯಕ್ಕೆ ಅವಳು ನೋಟ್‌ಬುಕ್ ತಂದಿದ್ದಳು. ಮೊದಲ ಸಾಲೇ ಹೀಗಿತ್ತು: ಟೆನ್ಷನ್ = 3 × 9.8 = 29.4 ನ್ಯೂಟನ್. (9.8 ಅಂದರೆ ಜಿ, ಭೂಮಿಯ ಎಳೆತಕ್ಕೆ ಬೀಳುವ ವಸ್ತುವಿನ ಆಕ್ಸಿಲರೇಶನ್.) ಆಮೇಲಿನದ್ದೆಲ್ಲ ಗೋಜಲು.

"ಸರಿನಮ್ಮ, ದಾರ ಮೇಲಕ್ಕೆ 29.4 ಎಳೀತಿದೆ. ಭೂಮಿ ಕೆಳಕ್ಕೆ ಎಷ್ಟು ಎಳೀತಿದೆ?"

"ಅದೂ 29.4 ಸರ್."

"ಮತ್ತೆ ಕಲ್ಲು ಯಾಕೆ ಕೆಳಗೆ ಹೋಗ್ಬೇಕು?"

ಸುಮ್ಮನಾದಳು. ಪೆನ್ನಿನ ಕ್ಯಾಪು ಕಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ, "ಹಂಗಾದ್ರೆ ಟೆನ್ಷನ್ 29.4ಕ್ಕಿಂತ ಕಮ್ಮಿ ಇರ್ಬೇಕು" ಅಂದಳು. ಆಮೇಲೆ ನಾನು ಕೇಳದೆಯೇ, "2 ಕೆಜಿ ಮೇಲೆ ಹೋಗ್ಬೇಕಲ್ಲ, ಅದಕ್ಕೆ 19.6ಕ್ಕಿಂತ ಜಾಸ್ತಿ ಇರ್ಬೇಕು" ಅಂದಳು.

ಲೆಕ್ಕ ಅಲ್ಲಿಗೇ ಮುಕ್ಕಾಲು ಮುಗಿಯಿತು. ಒಂದೊಂದು ಕಲ್ಲಿಗೂ ಬೇರೆ ಬೇರೆ ಚಿತ್ರ ಬಿಡಿಸಿದಳು, ಒಂದೊಂದು ಸಮೀಕರಣ ಬರೆದಳು. ಆಕ್ಸಿಲರೇಶನ್ 1.96, ಟೆನ್ಷನ್ 23.52. ಅವಳು ಹೇಳಿದ ಎರಡು ಸಂಖ್ಯೆಗಳ ನಡುವೆಯೇ ಬಂತು. ನಾನು ಮಾಡಿದ್ದು ಎರಡು ಪ್ರಶ್ನೆ ಕೇಳಿದ್ದಷ್ಟೇ. ಆ ತಪ್ಪು ಸಾಲು ಬರೆದಿರದಿದ್ದರೆ ಅವಳು ಎಲ್ಲಿ ಎಡವಿದ್ದಾಳೆ ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ. (ಹುರುಪಿನಲ್ಲಿ "ಬಾವಿ ಸೇದುವಾಗ ಕೊಡ ಮೇಲಕ್ಕೆ ಹೊರಡೋ ಕ್ಷಣ ಹಗ್ಗ ಜಾಸ್ತಿ ಬಿಗಿಯುತ್ತಲ್ಲ, ಹಾಗೆ" ಅಂದೆ. "ನಾನು ಬಾವೀನೇ ಸೇದಿಲ್ಲ ಸರ್, ನಮ್ಮನೇಲಿ ಮೋಟಾರು" ಅಂದಳು.)

ಚಿತ್ರ ಅಂದೆನಲ್ಲ, ಅದಕ್ಕೆ ಫ್ರೀ ಬಾಡಿ ಡಯಾಗ್ರಂ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಚಿಕ್ಕದು. ಒಂದೇ ಒಂದು ವಸ್ತು ಬರೆಯಿರಿ. ಅದನ್ನು ಯಾರ್ಯಾರು ಮುಟ್ಟಿದ್ದಾರೋ ನೋಡಿ: ದಾರ, ನೆಲ, ಮೇಜು, ಕೈ. ಅವರದ್ದೆಲ್ಲ ಒಂದೊಂದು ಬಾಣ. ಉಜ್ಜುವ ಕಡೆ ಘರ್ಷಣೆಗೂ ಒಂದು. ಇಂಥ ಲೆಕ್ಕಗಳಲ್ಲಿ ಮುಟ್ಟದೇ ಎಳೆಯುವುದು ಭೂಮಿ ಮಾತ್ರ, ಅದಕ್ಕೊಂದು. ಮುಗಿಯಿತು. ಇದನ್ನು ಬಿಟ್ಟು ಫಾರ್ಮುಲಾ ಹುಡುಕುವವರೇ ಜಾಸ್ತಿ. ಅವರನ್ನೂ ಬೈಯುವ ಹಾಗಿಲ್ಲ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಫಿಸಿಕ್ಸ್ ಪ್ರಶ್ನೆ. ಟ್ಯೂಷನ್‌ನಲ್ಲಿ ರಾಟೆ ಲೆಕ್ಕಕ್ಕೆ ಸಿದ್ಧ ಫಾರ್ಮುಲಾ ಕೊಟ್ಟಿರುತ್ತಾರೆ, ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಎರಡೂ ಕಲ್ಲು ನೇತಾಡುವವರೆಗೆ ಅದು ಸರಿಯೇ. 3 ಕೆಜಿ ಕಲ್ಲನ್ನು ಎತ್ತಿ ನುಣುಪಾದ ಮೇಜಿನ ಮೇಲಿಟ್ಟು 2 ಕೆಜಿಯನ್ನು ಮಾತ್ರ ನೇತುಹಾಕಿ ನೋಡಿ. ಆಕ್ಸಿಲರೇಶನ್ 3.92 ಬರಬೇಕು. ಬಾಯಿಪಾಠದವರು ಆಗಲೂ 1.96 ಬರೆದು ಬರುತ್ತಾರೆ.

ಇನ್ನೊಂದು ತೊಂದರೆ ಅಪ್ಪ-ಅಮ್ಮಂದಿರಿಗೆ ಕಾಣುವುದೇ ಇಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳದ್ದು. ವೇಗೋತ್ಕರ್ಷ ಅಂದರೆ ಅವರಿಗೆ ಗೊತ್ತು. ಘರ್ಷಣೆ ಗೊತ್ತು, ಜಡತ್ವ ಗೊತ್ತು. ಪಿಯುಗೆ ಬಂದ ಮೊದಲ ವಾರವೇ ಎಲ್ಲಾ ಇಂಗ್ಲಿಷ್. ದೊಡ್ಡ ಪದಗಳನ್ನು ಹೇಗೋ ಕಲಿತುಬಿಡುತ್ತಾರೆ. ಅವರನ್ನು ಬೀಳಿಸುವುದು ಸಣ್ಣ ಪದಗಳು. "ಸ್ಮೂತ್" ಅಂತಿದ್ದರೆ ಘರ್ಷಣೆ ಇಲ್ಲ ಅಂತ. "ರಫ್" ಅಂದರೆ ಇದೆ ಅಂತ. "ಲೈಟ್ ಸ್ಟ್ರಿಂಗ್" ಅಂದರೆ ದಾರಕ್ಕೆ ತೂಕ ಲೆಕ್ಕ ಹಾಕಬೇಡ ಅಂತ. ಒಬ್ಬ ಹುಡುಗ ಅದನ್ನು ಬೆಳಕಿನ ದಾರ ಅಂತ ಓದಿಕೊಂಡು ಪಾಪ ಒಂದು ಸಂಜೆ ಪೂರ್ತಿ ಒದ್ದಾಡಿದ್ದ. "ಡ್ರಾಪ್ಡ್" ಅಂದರೆ ಸುಮ್ನೆ ಕೈಬಿಟ್ಟದ್ದು, ಮೊದಲ ವೇಗ ಸೊನ್ನೆ. "ಥ್ರೋನ್" ಅಂದರೆ ಎಸೆದದ್ದು, ಸೊನ್ನೆ ಅಲ್ಲ. ಇಂಥ ಇಪ್ಪತ್ತು ಪದಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಸಾಕು, ಅರ್ಧ ಭಯ ಹೋಗುತ್ತದೆ. ಇದನ್ನು ಹೇಳಿಕೊಡಲು ಫಿಸಿಕ್ಸ್ ಮೇಷ್ಟ್ರೇ ಬೇಕಿಲ್ಲ. ಸೆಕೆಂಡ್ ಪಿಯುಸಿಯ ಅಕ್ಕನೋ ಅಣ್ಣನೋ ಆದರೂ ಆಯಿತು.

ಗುರುತ್ವಾಕರ್ಷಣೆಯ ಪಾಠಕ್ಕೆ ಬಂದರೆ ತಪ್ಪು ಹೆಚ್ಚಾಗಿ ಒಂದೇ ಜಾಗದಲ್ಲಿರುತ್ತದೆ. ದೂರವನ್ನು ಎಲ್ಲಿಂದ ಅಳೆಯುವುದು? ನೆಲದಿಂದಲ್ಲ, ಭೂಮಿಯ ಕೇಂದ್ರದಿಂದ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿದೆ. ಅಲ್ಲಿ ಜಿ ಎಷ್ಟು ಅಂತ ಕೊಟ್ಟರೆ, ಫಾರ್ಮುಲಾಗೆ ನೇರ 400 ಹಾಕಿ 2,490ರ ಸುಮಾರಿಗೆ ಉತ್ತರ ತರುತ್ತಾರೆ. "ಅಂದ್ರೆ ಇಲ್ಲಿಗಿಂತ 250 ಪಟ್ಟು ತೂಕ. 2025ರಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋಗಿ ಬಂದ್ರಲ್ಲ, ಅಪ್ಪಚ್ಚಿ ಆಗ್ಬೇಕಿತ್ತಲ್ವಾ?" ಅಂತ ಕೇಳುತ್ತೇನೆ. ನಗುತ್ತಾರೆ. ಆಮೇಲೆ ಭೂಮಿಯ ತ್ರಿಜ್ಯ ಸೇರಿಸಿ 6,770 ಕಿಲೋಮೀಟರ್ ಹಾಕುತ್ತಾರೆ, 8.7 ಬರುತ್ತದೆ. ಆಗ ಹೊಸ ಗಲಾಟೆ. "8.7 ಇದ್ರೆ ಮತ್ಯಾಕೆ ಸರ್ ತೇಲ್ತಾರೆ?" ತೇಲುವುದಲ್ಲ, ನಿಲ್ದಾಣದ ಜೊತೆಗೇ ಬೀಳುತ್ತಿದ್ದಾರೆ, ಪಕ್ಕಕ್ಕೆ ಅಷ್ಟು ಜೋರಾಗಿ ಹೋಗುತ್ತಿರುವುದರಿಂದ ಭೂಮಿ ಸಿಗುತ್ತಿಲ್ಲ ಅಂತ ಒಪ್ಪಿಸಲು ಒಂದು ಗಂಟೆ ಬೇಕು. ನನಗೆ ತುಂಬಾ ಇಷ್ಟವಾದ ಗಂಟೆ ಅದು.

ಇದರದ್ದೇ ತಿರುಗಾಮುರುಗಾ ತಪ್ಪು ಇನ್ನೊಂದಿದೆ. ನಮ್ಮ ಹಾಸನದಲ್ಲಿ ಇಸ್ರೋದ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ಇದೆ, ಅಲ್ಲಿಂದ ಭೂಸ್ಥಿರ ಉಪಗ್ರಹಗಳನ್ನು, ಅಂದರೆ ಇಲ್ಲಿಂದ ನೋಡಿದರೆ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವವನ್ನು, ನೋಡಿಕೊಳ್ಳುತ್ತಾರೆ. ಆ ಉಪಗ್ರಹ ಎಷ್ಟು ಎತ್ತರದಲ್ಲಿದೆ ಅನ್ನುವ ಲೆಕ್ಕ ಎಲ್ಲರಿಗೂ ಹೋಂವರ್ಕ್. ಒಬ್ಬ ಹುಡುಗ ಮೂರು ಪುಟ ಬರೆದು, 42,000 ಕಿಲೋಮೀಟರ್ ತಂದು, ಪುಸ್ತಕದ ಹಿಂದೆ 36,000 ಅಂತ ನೋಡಿ, ಮೂರೂ ಪುಟ ಹೊಡೆದುಹಾಕಿಕೊಂಡು ಬಂದಿದ್ದ. ತಪ್ಪು ಒಂದೇ ಒಂದು ಸಾಲಿನದು. ಕೇಂದ್ರದಿಂದ ಬಂದ ದೂರದಲ್ಲಿ ಭೂಮಿಯ ತ್ರಿಜ್ಯ 6,400 ಕಳೆದಿರಲಿಲ್ಲ. ಅದಕ್ಕೇ ಮಕ್ಕಳಿಗೆ ಹೇಳುತ್ತೇನೆ, ಹೊಡೆದುಹಾಕಬೇಡಿ, ಹಾಗೇ ತನ್ನಿ.

"ಈಗ ಫೋನಿದೆಯಲ್ಲ ಮೇಷ್ಟ್ರೇ, ಫೋಟೋ ತೆಗೆದು ಹಾಕಿದ್ರೆ ಉತ್ತರ ಬರುತ್ತೆ" ಅನ್ನುತ್ತಾರೆ ಕೆಲವರು. ಬರುತ್ತದೆ. ನಾನು ಬೇಡ ಅನ್ನುವುದಿಲ್ಲ, ರಾತ್ರಿ ಹನ್ನೊಂದಕ್ಕೆ ನನ್ನನ್ನು ಎಬ್ಬಿಸುವುದಕ್ಕಿಂತ ವಾಸಿ. ಆದರೆ ಪ್ರಶ್ನೆಯ ಫೋಟೋ ಬೇಡ, ನೀವು ಬರೆದದ್ದರ ಫೋಟೋ ಹಾಕಿ. "ಮೊದಲ ತಪ್ಪು ಯಾವ ಸಾಲಲ್ಲಿದೆ ಅಷ್ಟೇ ಹೇಳು, ಉತ್ತರ ಬೇಡ" ಅಂತ ಕೇಳಿ. ಅದು ಹೇಳಿದ್ದನ್ನೂ ಪರೀಕ್ಷೆ ಮಾಡಿ, ಕೆಲವು ಸಲ ಭಾರೀ ಧೈರ್ಯವಾಗಿ ತಪ್ಪು ಹೇಳುತ್ತದೆ. ಎರಡೂ ಕಲ್ಲು ನೇತಾಡುವ ರಾಟೆಯ ಲೆಕ್ಕವಾದರೆ ಎರಡಕ್ಕೂ ಒಂದೇ ತೂಕ ಹಾಕಿ ನೋಡಿ. ಆಕ್ಸಿಲರೇಶನ್ ಸೊನ್ನೆ ಬರದಿದ್ದರೆ ಫೋನೂ ತಪ್ಪೇ, ಮೇಷ್ಟ್ರೂ ತಪ್ಪೇ.

ಹೋದ ತಿಂಗಳ ಮದುವೆಯಲ್ಲಿ ಪ್ರಶ್ನೆ ಕೇಳಿದವರ ಪಕ್ಕದಲ್ಲೇ ಅವರ ಹುಡುಗ ಕೂತಿದ್ದ, ಮುಖ ಕೆಳಗೆ ಹಾಕಿಕೊಂಡು. "ಏನಪ್ಪಾ, ಜೋಗ ನೋಡಿದೀಯಾ? 253 ಮೀಟರ್. ಮೇಲಿಂದ ಒಂದು ಕಲ್ಲು ಬಿಟ್ರೆ ಕೆಳಗೆ ಬರೋಕೆ ಎಷ್ಟು ಹೊತ್ತು?" ಅಂದೆ.

"ಮೊದಲ ವೇಗ ಎಷ್ಟು ಸರ್?"

"ಬಿಟ್ರೆ ಅಂದೆ. ಎಸೆದ್ರೆ ಅನ್ಲಿಲ್ಲ."

ಎಡಗೈಯಲ್ಲಿ ಫೋನ್ ತೆಗೆದು ಏನೋ ಒತ್ತಿದ. ಏಳು ಸೆಕೆಂಡು ಚಿಲ್ಲರೆ ಅಂದ. ಇನ್ನೂ ಸ್ವಲ್ಪ ಒತ್ತಿದ. "ಸರ್, ಕೆಳಗೆ ಬರೋ ಹೊತ್ತಿಗೆ ಸ್ಪೀಡು ಗಂಟೆಗೆ 250 ಕಿಲೋಮೀಟರ್ ಬರುತ್ತೆ. ಹಂಗಾದ್ರೆ ಆ ನೀರೂ ಅಷ್ಟೇ ಸ್ಪೀಡಲ್ಲಿ ಬರ್ಬೇಕಲ್ವಾ? ನೋಡಿದ್ರೆ ಹಂಗೆ ಅನ್ಸಲ್ವಲ್ಲ, ಹೊಗೆ ತರ ನಿಧಾನಕ್ಕೆ ಇಳಿಯುತ್ತೆ?"

"ನೀರಹನಿಯ ಚಿತ್ರ ಬರಿ. ಅದನ್ನ ಯಾರ್ಯಾರು ಮುಟ್ಟಿದಾರೆ ನೋಡು" ಅಂದೆ. ಪಾಯಸ ಬಂದು ಹೋಯಿತು, ಅವನು ಇನ್ನೂ ಯೋಚನೆ ಮಾಡುತ್ತಲೇ ಇದ್ದ.