ಸಹಾಯ ಕೇಳುವುದಕ್ಕೂ ಅಭ್ಯಾಸ ಬೇಕು

ದಾವಣಗೆರೆಯ ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕನಾಗಿರುವ ನಾನು, ದಾಖಲಾದವರಿಗೂ ಅವರನ್ನು ನೋಡಲು ಬರುವ ಮನೆಯವರಿಗೂ ‘28 ಡೇಸ್’ ಎಂಬ ಹಾಲಿವುಡ್ ಚಿತ್ರದ ಕೆಲವು ಭಾಗಗಳನ್ನು ತೋರಿಸಿ, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ವಿವರಿಸುತ್ತೇನೆ. 2000ದಲ್ಲಿ ತೆರೆಕಂಡ ಈ ಚಿತ್ರದಲ್ಲಿ ಸಾಂಡ್ರಾ ಬುಲಕ್ ನ್ಯೂಯಾರ್ಕಿನ ಪತ್ರಕರ್ತೆ ಗ್ವೆನ್ ಆಗಿ ನಟಿಸಿದ್ದಾರೆ. ಒಡಹುಟ್ಟಿದವಳ ಮದುವೆಯಲ್ಲಿ ಕುಡಿದು ರಂಪ ಮಾಡಿ, ಅದೇ ಅಮಲಿನಲ್ಲಿ ಕಾರು ಓಡಿಸಿ ಮನೆಯೊಂದಕ್ಕೆ ಗುದ್ದುವ ಅವಳ ಮುಂದೆ ಉಳಿಯುವುದು ಎರಡೇ ದಾರಿ: ಜೈಲು, ಇಲ್ಲವೇ 28 ದಿನಗಳ ಚಿಕಿತ್ಸೆ.

ಅವಳ ಕೈ ನಡುಗುವ ದೃಶ್ಯ ಬಂದಾಗ ಚಿತ್ರವನ್ನು ನಿಲ್ಲಿಸಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ‘ನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕಿದರೆ ತಾನಾಗಿಯೇ ಬಿಡುತ್ತಾನೆ’ ಎಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ವರ್ಷಗಟ್ಟಲೆ ನಿತ್ಯ ಕುಡಿದ ದೇಹಕ್ಕೆ ಮದ್ಯ ಏಕಾಏಕಿ ನಿಂತರೆ ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣುವ, ತಾನೆಲ್ಲಿದ್ದೇನೆಂದೇ ತಿಳಿಯದ ಸನ್ನಿ ಹಿಡಿಯಬಹುದು, ಪ್ರಾಣವೂ ಹೋಗಬಹುದು. ಆ ದಿನಗಳನ್ನು ವೈದ್ಯರ ನಿಗಾದಲ್ಲಿ, ಮಾತ್ರೆ ಮತ್ತು ಥಯಮಿನ್ (ಬಿ1 ವಿಟಮಿನ್) ಚುಚ್ಚುಮದ್ದಿನ ಆಸರೆಯಲ್ಲೇ ದಾಟಿಸಬೇಕು.

ನನ್ನ ಕೆಲಸಕ್ಕೆ ಹೆಚ್ಚು ಒದಗಿ ಬಂದದ್ದು ಇನ್ನೊಂದು ದೃಶ್ಯ. ಯಾರ ನೆರವನ್ನೂ ಕೇಳಲೊಲ್ಲದ ಗ್ವೆನ್‌ಳ ಕೊರಳಿಗೆ, ‘ನಾನು ಸಹಾಯ ಕೇಳದಿದ್ದರೆ ನನ್ನನ್ನು ತರಾಟೆಗೆ ತೆಗೆದುಕೊಳ್ಳಿ’ ಎಂಬ ಅರ್ಥದ ಫಲಕವನ್ನು ತೂಗುಹಾಕುತ್ತಾರೆ. ಅಂಥ ಫಲಕವನ್ನು ನಾನು ಯಾರಿಗೂ ಹಾಕಲಾರೆ, ಏಕೆಂದರೆ ಓಣಿಯವರ ಮುಂದೆ ಮೊದಲೇ ತಲೆ ತಗ್ಗಿಸಿ ಬಂದವರಿಗೆ ಇನ್ನೊಂದು ಅವಮಾನ ಬೇಕಿಲ್ಲ. ಆದರೂ ರೋಗವನ್ನು ಆ ದೃಶ್ಯ ಸರಿಯಾಗಿಯೇ ಗುರುತಿಸಿದೆ. ‘ನನಗೆ ಬೇಕಂದ್ರೆ ನಾನೇ ಬಿಡ್ತೀನಿ ಸರ್’ ಎನ್ನುವವರು ಕುಡಿಯಲು ದುಡ್ಡನ್ನು ಯಾರ ಬಳಿಯಾದರೂ ಕೇಳಬಲ್ಲರು. ‘ಇವತ್ತು ಕುಡಿಯಬೇಕೆನ್ನಿಸುತ್ತಿದೆ, ನನ್ನ ಜೊತೆಗಿರು’ ಎಂದು ಸ್ವಂತ ಅಣ್ಣನನ್ನೂ ಕೇಳಲಾರರು.

ಆದ್ದರಿಂದ ಕೇಳುವುದನ್ನೇ ನಾವು ಅಭ್ಯಾಸ ಮಾಡಿಸುತ್ತೇವೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬರಿಗೆ, ಭಟ್ಟಿಯಿಂದ ಮನೆಯವರೆಗಿನ ದಾರಿಯನ್ನು ಕಾಗದದ ಮೇಲೆ ಬರೆಯಲು ಹೇಳಿದೆ. ಎಣ್ಣೆ ಅಂಗಡಿಯನ್ನು ಅವರು ಬರೆದರು, ಬಟವಾಡೆಯ ದಿನ ‘ಒಂದೇ ನೈಂಟಿ’ ಎಂದು ಕೈಹಿಡಿದು ಎಳೆಯುವ ಗೆಳೆಯ ನಿಲ್ಲುವ ಜಾಗವನ್ನೂ ಬರೆದರು. ಬಳಿಕ ನನ್ನೆದುರೇ ಅಣ್ಣನಿಗೆ ಫೋನ್ ಮಾಡಿಸಿದೆ. ಮೊದಲು ಮಳೆಯ ಬಗ್ಗೆ, ಆಮೇಲೆ ದನದ ಬಗ್ಗೆ ಮಾತನಾಡಿ, ಕೊನೆಗೊಮ್ಮೆ, ‘ಅಣ್ಣಾ, ಶನಿವಾರ ಬಟವಾಡೆ ಐತೆ, ಸಂಜೆ ಭಟ್ಟಿ ಹತ್ರ ಬರ್ತೀಯಾ?’ ಎಂದರು. ಅಷ್ಟರಲ್ಲಿ ಅವರ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

ಚಿತ್ರದಲ್ಲಿ ಗ್ವೆನ್‌ಳ ಜೊತೆಗೆ ಒಂದೇ ಕೋಣೆಯಲ್ಲಿರುವ, ಹೆರಾಯಿನ್ ಚಟದ ಎಳೆಯ ಹುಡುಗಿ ಆಂಡ್ರಿಯಾ, ಮನೆಗೆ ಹೋಗುವ ದಿನ ಹತ್ತಿರವಾದಾಗಲೇ ಸಾಯುತ್ತಾಳೆ. ಈ ಭಾಗವನ್ನು ನಾನು ಮನೆಯವರಿಗೆ ತಪ್ಪದೇ ತೋರಿಸುತ್ತೇನೆ. ಬಿಡುಗಡೆಯ ಹೊತ್ತಿಗೆ ಅವರಲ್ಲಿ ಸಂತೋಷವಿರುತ್ತದೆ, ಒಳಗಿದ್ದವರಲ್ಲಿ ಭಯವಿರುತ್ತದೆ. ಆ ಭಯವನ್ನು ಯಾರೂ ವಿಚಾರಿಸುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಸಮಯದಲ್ಲಂತೂ, ಬಾಡೂಟಕ್ಕೆ ನೆಂಟರು ನೆರೆದ ಮನೆಯಲ್ಲಿ ಇವರು ಯಾರ ಪಕ್ಕ ಕೂರಬೇಕು, ಬಾಟಲಿ ಹೊರಬಂದರೆ ಯಾರ ಜೊತೆ ಎದ್ದು ಹೋಗಬೇಕು ಎಂಬುದನ್ನು ಹೆಂಡತಿಯನ್ನೂ ಕೂರಿಸಿಕೊಂಡು ಮೊದಲೇ ಗೊತ್ತುಮಾಡುತ್ತೇವೆ.

ಫೋನ್ ಎತ್ತುವವರಿಗೂ ತರಬೇತಿ ಬೇಕು. ‘ಮತ್ತೆ ಕುಡಿದ್ಯಾ?’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಎಲ್ಲಿದ್ದೀಯ, ಊಟ ಆಯಿತೇ ಎಂದಷ್ಟೇ ಕೇಳಿ, ಅಲ್ಲೇ ಇರಲು ಹೇಳಿ ಹೊರಡಬೇಕೆಂದು ತಿಳಿಸುತ್ತೇವೆ. ಬರಲಾಗದಿದ್ದರೆ ಮುಂದೆ ಯಾರಿಗೆ ಕರೆ ಮಾಡಬೇಕೆಂಬ ಹೆಸರು ಬಿಡುಗಡೆ ಚೀಟಿಯ ಹಿಂಬದಿಯಲ್ಲಿರುತ್ತದೆ. ಅದರ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಬರೆದುಕೊಡುತ್ತೇವೆ.